ಅರ್ಧ ಸೇರು

ಬೆಳಗಿನ ಆರಕ್ಕೆ ಉರ್ದು ಶಾಲೆಯ ತಾರಸಿ ಹತ್ತುತ್ತೇನೆ.
ಅಲ್ಲಿ ಮಂಡಳಿಯ ಯಂತ್ರ
ತಗಡಿನ ಟೋಪಿ ಹಾಕಿಕೊಂಡು
ರಾತ್ರಿಯಿಡೀ ದಾವಣಗೆರೆಯ ಗಾಳಿ ಎಳೆದು
ಗೊರಗೊರ ಎನ್ನುತ್ತಿರುತ್ತದೆ,
ಬೀಡಿ ಬಿಡಲಾರದ ಮಾಮುವಿನ ಹಾಗೆ.

ಚಿಮಟದಲ್ಲಿ ಹಳೇ ಕಾಗದ ತೆಗೆ, ಹೊಸದು ಇಡು,
ಬೆರಳು ತಾಗಿಸಬೇಡ, ಬೆವರಿಗೂ ತೂಕವಿದೆ
ಎಂದು ಕಲಿಸಿದವರು ವಾಮದೇವಪ್ಪ ಸಾಹೇಬರು.
ಇಡುವಾಗ ಹಾಲು, ತೆಗೆಯುವಾಗ ಹಂಚಿನ ತಳ.
ನಡುವೆ ಎಷ್ಟು ಮಿಲಿಗ್ರಾಂ ಎಂದು ಬರೆಯುವುದಕ್ಕೆ
ನನಗೆ ಸಂಬಳ, ಗುತ್ತಿಗೆಯ ಮೇಲೆ.

ಕೆಳಗೆ ಸಾಲು ಮಂಡಕ್ಕಿ ಭಟ್ಟಿ.
ಬಾಂಡ್ಲಿಯ ಮರಳು ಕಾದು
ಅಕ್ಕಿ ಬಿದ್ದ ಗಳಿಗೆಗೇ ಚಟಪಟ ಅರಳಿ,
ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.
ಸಂಜೆಗೆ ಅದೇ ಒಗ್ಗರಣೆ ಹಾಕಿಸಿಕೊಂಡು
ಮೆಣಸಿನಕಾಯಿ ಪಕ್ಕ ಕೂತು
ಊರಿಗೆಲ್ಲ ಹೆಸರು ತರುತ್ತದೆ.
ಹೊಗೆಗೆ ಮಾತ್ರ ಯಾರೂ ಜರಡಿ ಹಿಡಿಯಲಿಲ್ಲ.
ಅದನ್ನು ನಮ್ಮ ಅಮ್ಮಿಯ ಎದೆ ಸೋಸಿತು,
ಬಿಟ್ಟಿ.

ಹೊಟ್ಟು ತುಟ್ಟಿಯಾದ ವರ್ಷ ಹಳೇ ಟೈರು ಬಂತು.
ಟೈರು ಹತ್ತಿಕೊಂಡರೆ ಆರುವುದಿಲ್ಲ,
ಅಂಟಿಕೊಂಡರೆ ಬಿಡುವುದಿಲ್ಲ,
ಹರವಿದ ಬಟ್ಟೆಯನ್ನು, ತೊಟ್ಟಿಲ ಹಗ್ಗವನ್ನು, ಕೂಸಿನ ಮೂಗನ್ನು.
ಅದರ ಬೆನ್ನಿಗೇ ನೋಟಿಸು:
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ತಮಗೆ ತಿಳಿಯಪಡಿಸುವುದೇನೆಂದರೆ.
ಅಂಟಿಸಿದವನು ನಾನೇ.
ಗೋಂದು ಆರುವ ಮೊದಲೇ ಖಾದರ್‌ಬಿ ಬಂದಳು.
"ಏನ್ ಬರದಾರೋ ಚಮನ್, ತಿಳಿಯಂಗ ಹೇಳು."
ಮುಚ್ಚಬೇಕಂತೆ, ಖಾಲಾ.
"ಬಾಯೋ, ಭಟ್ಟಿಯೋ?"

ಹನ್ನೊಂದು ದಿನ ಮುಚ್ಚಿತು.
ಕಾಗದ ಹೆಚ್ಚೂಕಡಿಮೆ ಹಾಲಾಗಿಯೇ ಕೆಳಗಿಳಿಯಿತು.
ಕಚೇರಿ ಮುಂದಿನ ಫಲಕದಲ್ಲಿ
ಹಸಿರು ಅಕ್ಷರ: ತೃಪ್ತಿದಾಯಕ.
ಆಶಾ ಕಾರ್ಯಕರ್ತೆ ಹಾಲವ್ವ ತನ್ನ ವಹಿಯಲ್ಲಿ
ಕೆಮ್ಮು, ಮೂವತ್ತೊಂದು ಇದ್ದದ್ದು ಒಂಬತ್ತು, ಎಂದು ಬರೆದು
ಪೆನ್ನು ಕಚ್ಚಿಕೊಂಡು ಕೂತುಬಿಟ್ಟಳು.
ಅಂಗಡಿಯ ಉದ್ರಿ ಅಕ್ಕಿಗೆ ಅದರಲ್ಲಿ ಕಾಲಂ ಇಲ್ಲ.
"ಕೆಮ್ಮೂ ನಿಂತೈತಿ, ಒಲೀನೂ ನಿಂತೈತಿ,
ಯಾವ್ದು ಮೊದ್ಲು ಬರೀಲಪ್ಪ?"

ಹನ್ನೆರಡನೆಯ ರಾತ್ರಿ ಓಣಿಯಲ್ಲಿ
ದೀಪ ಹಾಕದ ಲಾರಿಯ ಸದ್ದು.
ಬೆಳಿಗ್ಗೆ ಮತ್ತೆ ಹಂಚಿನ ತಳ.
ನಾನು ಯಾರಿಗೂ ಹೇಳಲಿಲ್ಲ.
ಅಂಕಿ ಚಾಡಿ ಹೇಳಿತು.

ಮೊನ್ನೆ ತೂಕದ ಕೋಣೆಯಲ್ಲಿ ಒಬ್ಬನೇ ಇದ್ದೆ.
ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ,
ಉಸಿರು ತಾಗಿದರೂ ನಡುಗುವ ಜಾತಿ.
ಜೇಬಿನಲ್ಲಿ ಒಂದು ಕಾಳು ಮಂಡಕ್ಕಿ ಸಿಕ್ಕಿತು. ಇಟ್ಟೆ.
ಹದಿನೆಂಟು ಮಿಲಿಗ್ರಾಂ.
ಅಂದಿನ ಕಾಗದದ ಮಸಿ ನೂರ ಎಂಟು
(ಜಪದ ಲೆಕ್ಕ ಕಣಯ್ಯ, ಅನ್ನುತ್ತಿದ್ದರು ವಾಮದೇವಪ್ಪನವರು)
ಅಂದರೆ ಆರು ಕಾಳು.

ಯಂತ್ರ ಎಂಟು ತಾಸಿಗೆ ಎಳೆಯುವ ಗಾಳಿ
ಒಬ್ಬರಿಗೆ ನಲವತ್ತು ದಿನಕ್ಕೆ ಆಗುತ್ತದಂತೆ.
ನಲವತ್ತನೆಯ ದಿನ ಅಮ್ಮಿಗೆ ಫಾತೆಹಾ ಓದಿಸಿ
ಮಂಡಕ್ಕಿ ಸಕ್ಕರೆ ಹಂಚಿದ್ದೆವು.
ಅವಳು ಆ ಒಲೆಯ ಮುಂದೆ ಕೂತದ್ದು ನಲವತ್ತು ವರ್ಷ.
ರದ್ದಾದ ಲಕೋಟೆಯ ಹಿಂದೆ ಪೆನ್ಸಿಲ್ಲಿನಲ್ಲಿ
ಗುಣಿಸಿದೆ, ಒಮ್ಮೆ ತಪ್ಪಿತು, ಮತ್ತೆ ಗುಣಿಸಿದೆ.
ಬಂದದ್ದು ಸುಮಾರು ಅರ್ಧ ಸೇರು.
ಹತ್ತು ರೂಪಾಯಿಗೆ ಕಟ್ಟಿಕೊಡುವ ಪೊಟ್ಟಣ.
ಅಷ್ಟೇ ಭಾರ ಹೊತ್ತು
ಮೂರು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದಳು,
ನಾವು ನಾಟಕ ಅಂದುಕೊಂಡೆವು.

ನಮೂನೆಯ ಕೊನೆಗೆ ಷರಾ ಎಂಬ ಕಾಲಂ ಇದೆ.
ಬಹಳ ಹೊತ್ತು ನೋಡಿ
'ಯಂತ್ರ ಸುಸ್ಥಿತಿಯಲ್ಲಿದೆ' ಎಂದು ಬರೆದೆ.
ತೂಗಿದ ಮಾದರಿಯನ್ನು ಕಾಪಿಡಬೇಕೆಂದು ನಿಯಮ.
ಕಾಳನ್ನು ಬಾಯಿಗೆ ಹಾಕಿಕೊಂಡೆ.
ಉಪ್ಪು ಒಂದು ಚೂರು ಮುಂದಾಗಿತ್ತು.